ಮೈಸೂರಿನ ಹೆರಿಗೆ ಪುಸ್ತಕ ಮತ್ತು ನಮ್ಮೂರಿನ ಸಕ್ಕರೆ ಕಾಯಿಲೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, ಊರಿನ ಐವತ್ತು ವರ್ಷಗಳ ಚರಿತ್ರೆ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಅದಕ್ಕಾಗಿ ಎರಡು ಶನಿವಾರ ಶಾಲೆಯ ಆಫೀಸಿನಲ್ಲಿ ಕುಳಿತು 1975ರಿಂದ ಈಚಿನ ದಾಖಲಾತಿ ಪುಸ್ತಕಗಳನ್ನು ತಿರುವಿ ಹಾಕಿದೆ. ಹಳೆಯ ಪುಸ್ತಕಗಳ ಬೆನ್ನಿಗೆ ಖಾಕಿ ಬಟ್ಟೆ ಅಂಟಿಸಿದ್ದಾರೆ, ಅಂಚು ಗೆದ್ದಲು ತಿಂದಿದೆ. 'ತಂದೆಯ ಉದ್ಯೋಗ' ಎಂಬ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿಕೊಂಡು ಹೋದರೆ ಸಾಕು, ನಮ್ಮ ಊರಿನ ಕಥೆ ತಿಳಿಯುತ್ತದೆ. ಮೊದಲ ವರ್ಷಗಳಲ್ಲಿ ಪುಟಗಟ್ಟಲೆ 'ವ್ಯವಸಾಯ', 'ಕೂಲಿ', ಅಲ್ಲೊಂದು ಇಲ್ಲೊಂದು 'ನೇಯ್ಗೆ'. ಆಮೇಲೆ 'ಕಾರ್ಖಾನೆ ಕೆಲಸ' ಶುರುವಾಗುತ್ತದೆ. ನಂತರ 'ಚಾಲಕ', 'ಸೆಕ್ಯುರಿಟಿ ಗಾರ್ಡ್', 'ಹೌಸ್‌ಕೀಪಿಂಗ್'. ಈಚಿನ ಪುಟಗಳಲ್ಲಿ ರಾಯಚೂರು, ಯಾದಗಿರಿ, ಬಿಹಾರ, ಒಡಿಶಾದಿಂದ ಬಂದವರ ಮಕ್ಕಳ ಹೆಸರಿನ ಮುಂದೆ 'ಕಟ್ಟಡ ಕೆಲಸ'.

1979ರ ಪುಸ್ತಕದಲ್ಲಿ ಎಂಟನೇ ತರಗತಿಗೆ ಸೇರಿದ ನಮ್ಮ ಅಪ್ಪನ ಹೆಸರು ಸಿಕ್ಕಿತು. ಜನ್ಮ ದಿನಾಂಕ 1966. ತಂದೆಯ ಉದ್ಯೋಗ ವ್ಯವಸಾಯ. ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅಪ್ಪನಿಗೆ 41ನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. 52ಕ್ಕೆ ಹೃದಯಾಘಾತವಾಗಿ ಹೋಗಿಬಿಟ್ಟರು. ಹನ್ನೊಂದನೇ ದಿನದ ಊಟಕ್ಕೆ ಬಂದ ನೆಂಟರಲ್ಲಿ ಒಬ್ಬರು ಕೈ ತೊಳೆಯುತ್ತಾ, "ಬಾಯಿ ಕಟ್ಟಲಿಲ್ಲ ಕಣಪ್ಪ, ಅದಕ್ಕೇ ಹಿಂಗಾಯ್ತು" ಅಂದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ಮಾತು ಏಳು ವರ್ಷದಿಂದ ನನ್ನ ಜೊತೆಗೇ ಇದೆ. ಈ ವರ್ಷ ಕಂಪನಿಯ ಆರೋಗ್ಯ ತಪಾಸಣೆಯಲ್ಲಿ ನನಗೂ ಮೂರು ತಿಂಗಳ ಸರಾಸರಿ ಸಕ್ಕರೆ 6.2 ಬಂತು, ಅಂದರೆ ಕಾಯಿಲೆಯ ಹೊಸ್ತಿಲು. ನನ್ನ ವಯಸ್ಸು 35. ದಿನಕ್ಕೆ ಮೂರು ಹೊತ್ತು ಮುದ್ದೆ ಉಂಡ ತಾತನಿಗೆ 80 ದಾಟಿದರೂ ಈ ಕಾಯಿಲೆ ಇರಲಿಲ್ಲ. ಅಜ್ಜಿ ಈಗಲೂ, "ನಮ್ಮ ವಂಶದಾಗೇ ಇರ್ಲಿಲ್ವಲ್ಲಪ್ಪ ಇದು" ಎನ್ನುತ್ತಾಳೆ.

ವಂಶದಲ್ಲಿ ಇಲ್ಲದ್ದು ಎಲ್ಲಿಂದ ಬಂತು? ಊರಿನ ಚರಿತ್ರೆ ಬರೆಯಲು ಹೊರಟವನು ಈ ಪ್ರಶ್ನೆಯ ಹಿಂದೆ ಬಿದ್ದೆ. ನಾನು ಡಾಕ್ಟರಲ್ಲ, ಕಂಪ್ಯೂಟರ್ ಓದಿದ ಬಿ.ಇ. ಪದವೀಧರ. ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರು ಬದಲಾದ ಬಗೆ

ನಮ್ಮ ಶಾಲೆ ಆರಂಭವಾದ ಮರುವರ್ಷ, 1976ರಲ್ಲಿ, ಕಿಯೋನಿಕ್ಸ್ ಸಂಸ್ಥೆ ಹುಟ್ಟಿತು. ಅದರ ಮೊದಲ ಅಧ್ಯಕ್ಷರಾದ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಅದೇ ಕಾಲದಲ್ಲಿ ನಗರದ ಇನ್ನೊಂದು ತುದಿಯ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳು ಬೆಳೆಯುತ್ತಿದ್ದವು. ನಮ್ಮ ಕಡೆ ಬೊಮ್ಮಸಂದ್ರ, ಹೆಬ್ಬಗೋಡಿ, ಜಿಗಣಿಯಲ್ಲಿ ಕಾರ್ಖಾನೆಗಳು ಬಂದವು. 1990ರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬಂದವು, ವೈಟ್‌ಫೀಲ್ಡ್ ಕಡೆ ಐಟಿಪಿಎಲ್ ಎದ್ದಿತು. 2010ರಲ್ಲಿ ಮೇಲ್ಸೇತುವೆ, ಈಗ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ.

ಇದನ್ನೆಲ್ಲ ಎಲ್ಲರೂ ನೋಡಿದ್ದೇವೆ. ಇದರ ಜೊತೆಗೆ ನಮ್ಮ ತಟ್ಟೆ, ನಿದ್ದೆ, ನಡಿಗೆ ಬದಲಾದದ್ದನ್ನು ಯಾರೂ ಬರೆದಿಡಲಿಲ್ಲ. ಆನೇಕಲ್ ಸೀಮೆ ರಾಗಿಯ ಸೀಮೆ. ಅಪ್ಪ ಹುಡುಗನಾಗಿದ್ದಾಗ ಮನೆಯಲ್ಲಿ ಅನ್ನ ಮಾಡುತ್ತಿದ್ದುದು ಹಬ್ಬಕ್ಕೆ, ನೆಂಟರು ಬಂದಾಗ. ರಾಗಿ ಮುದ್ದೆ, ಬಸ್ಸಾರು, ಹುರುಳಿಕಾಳು, ಅವರೆ ಕಾಲದಲ್ಲಿ ಅವರೆ. ಹೊಲಕ್ಕೆ ನಡಿಗೆ, ಶಾಲೆಗೆ ನಡಿಗೆ. ಅಪ್ಪ ಕಾರ್ಖಾನೆಗೆ ಸೇರಿದ ಮೇಲೆ ವಾರಕ್ಕೊಂದು ಪಾಳಿ. ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ರಾತ್ರಿ ಎರಡು ಗಂಟೆಗೆ ಕ್ಯಾಂಟೀನಿನ ಅನ್ನ ಸಾರು, ನಿದ್ದೆ ತಡೆಯಲು ನಾಲ್ಕು ಟೀ. ನನ್ನದೂ ಬೇರೆಯಲ್ಲ, ಕುರ್ಚಿ ಮಾತ್ರ ಮೆತ್ತಗಿದೆ. ಅಮೆರಿಕದವರ ಹಗಲಿಗೆ ಹೊಂದಿಕೊಂಡು ಆರು ವರ್ಷ ರಾತ್ರಿ ಕೆಲಸ ಮಾಡಿದೆ, ಹನ್ನೊಂದು ಗಂಟೆಗೆ ಫೋನಿನಲ್ಲಿ ಬಿರಿಯಾನಿ ತರಿಸಿಕೊಂಡು ತಿಂದೆ.

ತಾತನಿಂದ ನನ್ನವರೆಗೆ ಎರಡೇ ತಲೆಮಾರು. ಇಷ್ಟು ಕಡಿಮೆ ಸಮಯದಲ್ಲಿ ಒಂದು ಊರಿನ ಜನರ ಜೀನ್‌ಗಳು ಬದಲಾಗುವುದಿಲ್ಲ. ಹಾಗಾದರೆ ಬದಲಾದದ್ದು ಏನು?

ಸಾಲು ಅಲ್ಲೇ ಇದೆ, ಓಡುವುದಿಲ್ಲ

ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಮೇಡಂ ಜೀವಕೋಶದ ಪಾಠ ಮಾಡುವಾಗ, ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ ಎಂದಿದ್ದರು. ಹಾಗಿದ್ದರೆ ಕಣ್ಣು ಯಾಕೆ ಯಕೃತ್ತಾಗುವುದಿಲ್ಲ ಮೇಡಂ ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿ ತರಗತಿಯೆಲ್ಲ ನಕ್ಕಿತ್ತು. ಮೇಡಂ ನಗಲಿಲ್ಲ. "ಒಳ್ಳೆ ಪ್ರಶ್ನೆ ಕಣೋ" ಅಂದರು. ಆ ಪ್ರಶ್ನೆಗೆ ಉತ್ತರ ಹೇಳುವ ಶಾಸ್ತ್ರದ ಹೆಸರು ಎಪಿಜೆನೆಟಿಕ್ಸ್. ಬ್ರಿಟನ್ನಿನ ಜೀವವಿಜ್ಞಾನಿ ವಾಡಿಂಗ್‌ಟನ್ 1942ರಲ್ಲಿ ಈ ಮಾತನ್ನು ಬಳಕೆಗೆ ತಂದರು.

ನನ್ನ ಕಸುಬಿನಿಂದ ಒಂದು ಉದಾಹರಣೆ ಕೊಡುತ್ತೇನೆ. ನಾವು ಪ್ರೋಗ್ರಾಂ ಬರೆಯುವಾಗ ಒಂದು ಸಾಲಿನ ಮುಂದೆ ಎರಡು ಓರೆಗೆರೆ ಹಾಕಿದರೆ ಆ ಸಾಲು ಅಲ್ಲೇ ಇರುತ್ತದೆ, ಆದರೆ ಕಂಪ್ಯೂಟರ್ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಗೆರೆ ತೆಗೆದರೆ ಮತ್ತೆ ಓಡುತ್ತದೆ. ನಮ್ಮ ಡಿಎನ್‌ಎಯಲ್ಲಿ ಸುಮಾರು 20,000 ಜೀನ್‌ಗಳಿವೆ. ಅವುಗಳ ಮೇಲೆ ದೇಹ ಅಂಟಿಸುವ 'ಮೀಥೈಲ್' ಎಂಬ ಪುಟ್ಟ ರಾಸಾಯನಿಕ ಗುರುತು ಬಹುಪಾಲು ಈ ಓರೆಗೆರೆಯ ಕೆಲಸ ಮಾಡುತ್ತದೆ. ಇನ್ನೊಂದು ದಾರಿಯೂ ಇದೆ. ಒಂದೊಂದು ಕೋಶದಲ್ಲಿರುವ ಡಿಎನ್‌ಎಯನ್ನು ಬಿಡಿಸಿದರೆ ಸುಮಾರು ಎರಡು ಮೀಟರ್ ಉದ್ದ. ಅದು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ, ಆನೇಕಲ್ಲಿನ ನೇಕಾರರ ಮನೆಯ ಕಂಡಿಕೆಗೆ ನೂಲು ಸುತ್ತಿದಂತೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾಗಿದ್ದ ಕಡೆ ಜೀನ್ ಸುಮ್ಮನಿರುತ್ತದೆ, ಸಡಿಲವಾದ ಕಡೆ ಕೆಲಸ ಮಾಡುತ್ತದೆ.

ಆಹಾರದಿಂದ ಇಂಥ ಗುರುತು ಬದಲಾಗುತ್ತದೆಯೇ? ಜೇನುಗೂಡನ್ನು ನೋಡಿ. ರಾಣಿಯೂ ಕೆಲಸಗಾರ ನೊಣವೂ ಒಂದೇ ಬಗೆಯ ಮೊಟ್ಟೆಯಿಂದ ಬರುತ್ತವೆ. ಯಾವ ಮರಿಗೆ ಕೊನೆಯವರೆಗೂ ರಾಜರಸ ಉಣಿಸುತ್ತಾರೋ ಅದು ರಾಣಿಯಾಗುತ್ತದೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಮೀಥೈಲ್ ಅಂಟಿಸುವ ಒಂದು ಕಿಣ್ವವನ್ನು ಮರಿಗಳಲ್ಲಿ ತಡೆದಾಗ, ರಾಜರಸವಿಲ್ಲದೆಯೂ ಬಹಳಷ್ಟು ಮರಿಗಳು ರಾಣಿಯ ಲಕ್ಷಣ ಪಡೆದವು.

ಮಿಷನ್ ಆಸ್ಪತ್ರೆಯ ಪುಸ್ತಕ

ಇನ್ನು ಮನುಷ್ಯರ ವಿಷಯ. ಇದರ ಒಂದು ದೊಡ್ಡ ಅಧ್ಯಾಯ ನಮ್ಮ ಮೈಸೂರಿನಲ್ಲೇ ಬರೆಯಲ್ಪಟ್ಟಿದೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ಇದೆ. ಜನ ಅದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ತಾಯಿಯ ತೂಕ ಮತ್ತು ಸೊಂಟದ ಮೂಳೆಯ ಅಳತೆಯನ್ನೂ ಬರೆಯುತ್ತಿದ್ದರು. ಬರೆದವರಿಗೆ ಅದು ದಿನದ ಕೆಲಸ. ಅರವತ್ತು ವರ್ಷದ ಮೇಲೆ ಯಾರಾದರೂ ಬಂದು ಕೇಳುತ್ತಾರೆಂದು ಅವರಿಗೆ ಗೊತ್ತಿರಲು ಸಾಧ್ಯವಿಲ್ಲ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲೂ 1911ರಿಂದ ಇಂಥ ದಾಖಲೆಗಳನ್ನು ಇಟ್ಟಿದ್ದರು. ಡೇವಿಡ್ ಬಾರ್ಕರ್ ಎಂಬ ವೈದ್ಯರು ಅವುಗಳನ್ನು ಹುಡುಕಿ ತೆಗೆದು, ಹುಟ್ಟುವಾಗ ತೂಕ ಕಡಿಮೆಯಿದ್ದ ಗಂಡಸರು ಹೃದ್ರೋಗದಿಂದ ಸಾಯುವುದು ಹೆಚ್ಚು ಎಂದು 1989ರಲ್ಲಿ ತೋರಿಸಿದರು. ತಾಯಿಯ ಹೊಟ್ಟೆಯಲ್ಲಿ ಆಹಾರ ಸಾಲದಿದ್ದಾಗ ಮಗುವಿನ ದೇಹ ಬಡತನದಲ್ಲಿ ಬದುಕುವ ಲೆಕ್ಕ ಹಾಕಿಕೊಳ್ಳುತ್ತದೆ ಎಂಬುದು ಅವರ ವಾದ. ಇದ್ದಷ್ಟು ಮಿದುಳಿಗೆ ಕೊಟ್ಟು ಬೇರೆ ಅಂಗಗಳಲ್ಲಿ ಉಳಿತಾಯ ಮಾಡುತ್ತದೆ. ಮುಂದೆ ಊಟ ಹೆಚ್ಚಾದಾಗ ಆ ಉಳಿತಾಯದ ದೇಹವೇ ತೊಂದರೆಗೆ ಸಿಕ್ಕಿಕೊಳ್ಳುತ್ತದೆ.

ಇದು ಭಾರತಕ್ಕೂ ಹೊಂದುತ್ತದೆಯೇ ಎಂದು ನೋಡಲು ಬಾರ್ಕರ್ ಅವರ ಸಹೋದ್ಯೋಗಿ ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನ ವೈದ್ಯರ ಜೊತೆ ಸೇರಿದರು. 1934ರಿಂದ 1954ರೊಳಗೆ ಆ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ಮೈಸೂರಿನಲ್ಲಿ ಮನೆಮನೆಗೆ ಹೋಗಿ ಹುಡುಕಿದರು. 517 ಜನ ಗಂಡಸರು ಹೆಂಗಸರನ್ನು ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದ್ರೋಗ ನೂರಕ್ಕೆ 11, ಮೂರು ಕೆ.ಜಿ.ಗೂ ಮೇಲಿದ್ದವರಲ್ಲಿ ನೂರಕ್ಕೆ 3. ಹುಟ್ಟು ತೂಕವೂ ಕಡಿಮೆ, ಗರ್ಭಿಣಿ ತಾಯಿಯ ತೂಕವೂ ಸುಮಾರು 45 ಕೆ.ಜಿ.ಗಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 20.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಅವರು ಅಂದುಕೊಂಡಂತೆ ಬರಲಿಲ್ಲ. ಮೈಸೂರಿನಲ್ಲಿ ಅದು ಹೆಚ್ಚಾಗಿ ಕಂಡದ್ದು ಉದ್ದ ಕಡಿಮೆಯಿದ್ದು ಉದ್ದಕ್ಕೆ ಮೀರಿ ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಸಂಶೋಧಕರು ಕೊಟ್ಟ ವಿವರಣೆ ಹೀಗಿದೆ. ತಾನು ಹುಟ್ಟುವಾಗ ಸೊರಗಿದ್ದ ಹೆಣ್ಣುಮಗು ಬೆಳೆದು ದೊಡ್ಡವಳಾಗಿ, ಊಟ ಸುಧಾರಿಸಿ ಮೈ ಬಂದಾಗ, ಬಸಿರಿನಲ್ಲಿ ಅವಳಿಗೆ ಸಕ್ಕರೆ ಏರುತ್ತದೆ. ಆ ಸಕ್ಕರೆ ಹೊಟ್ಟೆಯಲ್ಲಿನ ಮಗುವಿಗೂ ಹೋಗುತ್ತದೆ. ಹಸಿವು ಒಂದು ತಲೆಮಾರಿನದು, ಅದರ ಫಲ ಮುಂದಿನ ತಲೆಮಾರಿನದು.

ಇದನ್ನು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997ರಲ್ಲಿ 'ಪಾರ್ಥೆನಾನ್ ಅಧ್ಯಯನ' ಆರಂಭವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡದವರು ಗರ್ಭಿಣಿಯರನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಬಿಡದೆ ಅಳೆದರು. ಬಸಿರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತು ವರ್ಷಕ್ಕೇ ಕೊಬ್ಬು ಹೆಚ್ಚು, ಇನ್ಸುಲಿನ್ ಹೆಚ್ಚು ಎಂಬುದು ಕಂಡಿತು. ಆ ತಾಯಂದಿರಲ್ಲಿ ನೂರಕ್ಕೆ ಸುಮಾರು 43 ಜನಕ್ಕೆ ಬಿ12 ಜೀವಸತ್ವ ಕಡಿಮೆ ಇತ್ತು, ಅಂಥವರಲ್ಲಿ ಬಸಿರಿನ ಸಕ್ಕರೆಯೂ ಹೆಚ್ಚಿತ್ತು.

2022ರಲ್ಲಿ ನನ್ನ ತಂಗಿಗೆ ಏಳು ತಿಂಗಳಾಗಿದ್ದಾಗ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡಿದರು. ಸಕ್ಕರೆ ಇತ್ತು. ಅವಳೂ ಇದೇ ಶಾಲೆಯ ವಿದ್ಯಾರ್ಥಿನಿ. ಮಗು 3 ಕೆ.ಜಿ. 900 ಗ್ರಾಂ ಹುಟ್ಟಿದಾಗ ಬೀದಿಯೆಲ್ಲ 'ಗುಂಡುಮಗು' ಎಂದು ಸಂಭ್ರಮಪಟ್ಟಿತು. ನಾನೂ ಪೇಡ ಹಂಚಿದೆ.

ಗುರುತು ಸಿಕ್ಕಿದ್ದು ಎಲ್ಲಿ

ತೂಕಕ್ಕೂ ಕಾಯಿಲೆಗೂ ಸಂಬಂಧವಿದೆ ಎಂದು ಮೈಸೂರಿನ ಪುಸ್ತಕ ಹೇಳಿತು. ಆ ನೆನಪು ದೇಹದಲ್ಲಿ ಎಲ್ಲಿ ಉಳಿಯುತ್ತದೆ ಎಂದು ಪುಸ್ತಕ ಹೇಳಲಾರದು. ಅದರ ಸುಳಿವು ಸಿಕ್ಕಿದ್ದು ನೆದರ್ಲೆಂಡ್ಸ್ ದೇಶದಲ್ಲಿ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲ, ಜರ್ಮನ್ ಸೇನೆ ಆಹಾರ ಸಾಗಣೆ ತಡೆದದ್ದರಿಂದ ಅಲ್ಲಿ ದೊಡ್ಡ ಹಸಿವು ಬಂತು. ಆ ತಿಂಗಳುಗಳಲ್ಲಿ ಗರ್ಭ ಕಟ್ಟಿದ ಮಕ್ಕಳನ್ನು 60 ವರ್ಷದ ನಂತರ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಎಂಬ ಜೀನ್‌ನ ಮೇಲೆ ಮೀಥೈಲ್ ಗುರುತು ಅವರ ಒಡಹುಟ್ಟಿದವರಿಗಿಂತ ಕಡಿಮೆ ಇತ್ತು. ಇದು 2008ರ ವರದಿ. ತಂದೆ ತಾಯಿ ಅವರೇ. ವ್ಯತ್ಯಾಸ ಇದ್ದದ್ದು ತಾಯಿ ಹಸಿದ ತಿಂಗಳುಗಳಲ್ಲಿ.

ಮೀಥೈಲ್ ಗುರುತಿಗೆ ಬೇಕಾದ ಸಾಮಾನು ಊಟದಿಂದಲೇ ಬರಬೇಕು. ಸೊಪ್ಪು ಕಾಳಿನಲ್ಲಿರುವ ಫೋಲೇಟ್, ಹಾಲು ಮೊಸರು ಮೊಟ್ಟೆ ಮಾಂಸದಲ್ಲಿರುವ ಬಿ12 ಎರಡೂ ಈ ಕೆಲಸದಲ್ಲಿ ಜೊತೆಗಾರರು. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ನಡೆಸಿದ ಅಧ್ಯಯನದಲ್ಲಿ, ಬಸಿರಿನಲ್ಲಿ ಫೋಲೇಟ್ ಹೆಚ್ಚಿದ್ದು ಬಿ12 ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಆರು ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಹೆಚ್ಚಾಗಿ ಕಂಡಿತು. ಬಿ12 ಕೊಟ್ಟಾಗ ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಜೀನ್‌ಗಳ ಮೇಲಿನ ಮೀಥೈಲ್ ಗುರುತು ಬದಲಾಗುತ್ತದೆ ಎಂದು ಹೈದರಾಬಾದಿನ ಸಿಸಿಎಂಬಿಯ ಗಿರಿರಾಜ್ ಚಾಂಡಕ್ ತಂಡ 2018ರಲ್ಲಿ ವರದಿ ಮಾಡಿತು. ನಮ್ಮ ಮುದ್ದೆ ಸೊಪ್ಪಿನ ಊಟದಲ್ಲಿ ಕಬ್ಬಿಣ, ಸುಣ್ಣ, ನಾರು, ಫೋಲೇಟ್ ಎಲ್ಲವೂ ಇದೆ, ಬಿ12 ಇಲ್ಲ. ಎಮ್ಮೆ ಕಟ್ಟಿದ್ದ ಮನೆಯಲ್ಲಿ ಮಜ್ಜಿಗೆಯಿಂದ ಅದು ಸ್ವಲ್ಪ ಸರಿಹೋಗುತ್ತಿತ್ತು. ಹಾಲನ್ನೆಲ್ಲ ಡೇರಿಗೆ ಹಾಕಿದ ಮನೆಯಲ್ಲಿ ಅದೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಈ ವಿಷಯದಲ್ಲಿ ವಾಟ್ಸಾಪಿನಲ್ಲಿ ಬರುವ ಮಾತಿಗೆ ಲೆಕ್ಕವಿಲ್ಲ. 1876-78ರ ಧಾತು ಈಶ್ವರದ ಕ್ಷಾಮವೇ ನಮ್ಮ ಸಕ್ಕರೆ ಕಾಯಿಲೆಗೆ ಕಾರಣ ಎನ್ನುವುದು ಒಂದು. ಆ ಕ್ಷಾಮ ಭಯಂಕರವಾದದ್ದು ನಿಜ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆದರೆ ಅದರ ಗುರುತು ನಮ್ಮ ಜೀನ್‌ಗಳ ಮೇಲೆ ಇಂದಿಗೂ ಇದೆ ಎನ್ನಲು ಪುರಾವೆಯಿಲ್ಲ. ಇಂಥ ಗುರುತುಗಳಲ್ಲಿ ಬಹುಪಾಲು ಪ್ರತಿ ತಲೆಮಾರಿನಲ್ಲಿ ಅಳಿಸಿ ಹೊಸದಾಗಿ ಬರೆಯಲ್ಪಡುತ್ತವೆ. ಅರಿಶಿನ ತಿಂದರೆ ಜೀನ್ ಸರಿಹೋಗುತ್ತದೆ ಎನ್ನುವುದು ಇನ್ನೊಂದು. ಇದರ ಹಿಂದೆ ಒಂದು ನಿಜವಾದ ಸಂಶೋಧನೆ ಇದೆ, ಅದೂ ನಮ್ಮ ಬೆಂಗಳೂರಿನ ಜಕ್ಕೂರಿನದು. ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಮತ್ತು ಸಂಗಡಿಗರು 2003-04ರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ, ಪುನರ್ಪುಳಿ ಮತ್ತು ಅರಿಶಿನದಲ್ಲಿನ ಕೆಲವು ವಸ್ತುಗಳು ಹಿಸ್ಟೋನ್‌ಗಳಿಗೆ ಗುರುತು ಅಂಟಿಸುವ ಒಂದು ಕಿಣ್ವವನ್ನು ತಡೆಯುತ್ತವೆ ಎಂದು ತೋರಿಸಿದರು. ಅದು ಪ್ರಯೋಗಶಾಲೆಯ ಕೆಲಸ. ಸಾರಿಗೆ ಹಾಕಿದ ಅರಿಶಿನದಿಂದ ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಅವರು ಹೇಳಿಲ್ಲ.

ಅಪ್ಪ ಹುಟ್ಟಿದ ವರ್ಷ

ಇಷ್ಟೆಲ್ಲ ಓದಿದ ಮೇಲೆ ಒಂದು ಭಾನುವಾರ ಅಜ್ಜಿಯ ಪಕ್ಕ ಕುಳಿತು, "ಅಪ್ಪ ಹುಟ್ಟಿದಾಗ ಎಷ್ಟು ತೂಕ ಇದ್ರು ಅಜ್ಜಿ?" ಎಂದು ಕೇಳಿದೆ. ಅಜ್ಜಿ ನಕ್ಕಳು. "ತೂಕ ಯಾರಪ್ಪ ಹಾಕಿದ್ರು. ಸೂಲಗಿತ್ತಿ ಮೊರದಾಗೆ ಮಲಗ್ಸಿದ್ಲು. ಮೊರದಾಗೆ ಅರ್ಧನೂ ಬರ್ಲಿಲ್ಲ ನಿಮ್ಮಪ್ಪ. ಬರದ ವರ್ಷ ಅಲ್ವಾ. ಹೊಟ್ಟೇಲಿದ್ದಾಗ ನಾನು ಉಂಡಿದ್ದು ಸೊಸೈಟಿ ಕೆಂಜೋಳದ ಗಂಜಿ, ಅದೂ ಒಂದೊತ್ತು."

1965-66ರ ಬರ ದೇಶದ ಚರಿತ್ರೆಯ ಪುಸ್ತಕದಲ್ಲಿದೆ. ಅಮೆರಿಕದಿಂದ ಹಡಗಿನಲ್ಲಿ ಗೋಧಿ, ಜೋಳ ತರಿಸಿದ ಕಾಲ. ಆ ಹಡಗಿನ ಜೋಳವೇ ಅಪ್ಪ ಮೊದಲು ಉಂಡ ಅನ್ನ ಎಂದು ನನಗೆ ಗೊತ್ತಿರಲಿಲ್ಲ.

ಅಪ್ಪನ ಕಾಯಿಲೆಗೆ ಇದೇ ಕಾರಣ ಎಂದು ನಾನು ಹೇಳಲಾರೆ. ಸಾವಿರಾರು ಜನರ ಲೆಕ್ಕದಿಂದ ತಿಳಿಯುವುದನ್ನು ಒಬ್ಬನ ವಿಷಯದಲ್ಲಿ ಸಾಧಿಸಿ ತೋರಿಸಲು ಬರುವುದಿಲ್ಲ. ಪಾಳಿಯ ಕೆಲಸ, ಬೀಡಿ, ಟೀ ಎಲ್ಲವೂ ಇದ್ದವು. ರಾತ್ರಿ ಪಾಳಿಯಲ್ಲಿ ದೀರ್ಘಕಾಲ ದುಡಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಆದರೆ ಹೊಟ್ಟೆಯಲ್ಲೇ ಹಸಿದು, ಹೊಲದಲ್ಲಿ ಬೆಳೆದು, ನಲವತ್ತರೊಳಗೆ ಕ್ಯಾಂಟೀನಿನ ಅನ್ನಕ್ಕೂ ನಿದ್ದೆಯಿಲ್ಲದ ರಾತ್ರಿಗೂ ಬಂದು ನಿಂತ ಒಂದು ದೇಹಕ್ಕೆ 'ಬಾಯಿ ಕಟ್ಟಲಿಲ್ಲ' ಎಂಬ ಒಂದೇ ಮಾತಿನ ತೀರ್ಪು ಸರಿಯಲ್ಲ ಎಂದು ಮಾತ್ರ ಹೇಳಬಲ್ಲೆ. ನಮ್ಮ ಊರಿನಲ್ಲಿ ಈ ಕಾಯಿಲೆ ಇರುವವರಲ್ಲಿ ಎಷ್ಟೋ ಜನ ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಮಾತ್ರೆ ನುಂಗುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ. ಐಸಿಎಂಆರ್‌ನ 2023ರ ವರದಿಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ಹತ್ತು ಕೋಟಿ ಜನರೂ ಬಾಯಿ ಚಪಲದವರೇ ಆಗಿರಲಾರರು.

ಹಾಗೆಂದು ಎಲ್ಲವೂ ಹಣೆಬರಹ ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 35 ವರ್ಷದ ಆಸುಪಾಸಿನ, ವ್ಯಾಯಾಮ ಮಾಡದ 23 ಗಂಡಸರನ್ನು ಆರು ತಿಂಗಳು ವ್ಯಾಯಾಮಕ್ಕೆ ಕರೆದರು. ವಾರಕ್ಕೆ ಮೂರು ದಿನ ಬನ್ನಿ ಎಂದರೆ ಅವರು ಬಂದದ್ದು ಸರಾಸರಿ ಎರಡು ದಿನವೂ ಇಲ್ಲ. ಆದರೂ ಅವರ ಕೊಬ್ಬಿನ ಕೋಶಗಳಲ್ಲಿ ಸುಮಾರು 7,000 ಜೀನ್‌ಗಳ ಮೇಲಿನ ಗುರುತು ಬದಲಾಗಿತ್ತು, ಅವುಗಳಲ್ಲಿ ಸಕ್ಕರೆ ಕಾಯಿಲೆಗೆ ಸಂಬಂಧಿಸಿದವೂ ಇದ್ದವು ಎಂದು 2013ರಲ್ಲಿ ವರದಿ ಬಂತು. ಅದನ್ನು ಓದಿದ ಮರುದಿನದಿಂದ ನಾನು ಕೆರೆಯ ಏರಿಯ ಮೇಲೆ ನಡೆಯಲು ಶುರುಮಾಡಿದೆ. ಹಗಲಿನ ಕೆಲಸ ಕೇಳಿ ಪಡೆದುಕೊಂಡೆ, ಸಂಬಳ ಸ್ವಲ್ಪ ಕಡಿಮೆಯಾಯಿತು. ರಾತ್ರಿ ಎಂಟಕ್ಕೆ ಮುದ್ದೆ. ನಾಲ್ಕು ತಿಂಗಳಲ್ಲಿ 6.2 ಇದ್ದದ್ದು 5.8ಕ್ಕೆ ಬಂದಿದೆ. ತಂಗಿಯ ಮಗಳಿಗೆ ಈಗ ಮೂರು ವರ್ಷ. ಅವಳು ಸಣ್ಣಗಾದಳು ಎಂದು ಯಾರಾದರೂ ಬಿಸ್ಕತ್ತು ಕೊಡಲು ಬಂದರೆ ತಂಗಿ ಅವರೊಡನೆ ಜಗಳಕ್ಕೇ ನಿಲ್ಲುತ್ತಾಳೆ.

ಶಾಲೆಯ ಮುಂದೊಂದು ಕೋರಿಕೆ

ನಾನು ಇಲ್ಲಿ ಓದುವಾಗ ಪ್ರೌಢಶಾಲೆಗೆ ಬಿಸಿಯೂಟ ಇರಲಿಲ್ಲ. ಡಬ್ಬಿ ತಾರದ ಹುಡುಗಿಯರು ಮಧ್ಯಾಹ್ನ ಬೋರ್‌ವೆಲ್ ಹತ್ತಿರ ನೀರು ಕುಡಿದು ಬಂದು ಕೂರುತ್ತಿದ್ದುದು ನೆನಪಿದೆ. ಈಗ ಊಟವಿದೆ, ಹಾಲಿದೆ, ಮೊಟ್ಟೆಯಿದೆ, ಕಬ್ಬಿಣದ ಮಾತ್ರೆಯಿದೆ. ಆ ಮಾತ್ರೆಯನ್ನು ಕಿಟಕಿಯಿಂದ ಎಸೆಯುವ ಮಕ್ಕಳೂ ಇದ್ದಾರೆ ಎಂದು ಮೇಷ್ಟ್ರು ಬೇಸರದಿಂದ ಹೇಳಿದರು. ಆ ಮಕ್ಕಳಿಗೆ ಈ ಮೈಸೂರಿನ ಕಥೆಯನ್ನು ದಯವಿಟ್ಟು ಹೇಳಿ. ಇಂದು ಎಂಟನೇ ತರಗತಿಯಲ್ಲಿ ಕುಳಿತಿರುವ ಹುಡುಗಿ ಉಣ್ಣುವ ಊಟದ ಲೆಕ್ಕ ಅವಳೊಬ್ಬಳದೇ ಅಲ್ಲ ಎಂದು ಅವರಿಗೂ, ಅವರನ್ನು ಬೇಗ ಮದುವೆ ಮಾಡಿಬಿಡಲು ಅವಸರ ಪಡುವ ನಮಗೂ ತಿಳಿಯಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸೋಣ. ಅದರ ಜೊತೆಗೆ ಒಂದು ಒಳ್ಳೆಯ ತೂಕದ ಯಂತ್ರ, ಎತ್ತರ ಅಳೆಯುವ ಕೋಲು, ಗಟ್ಟಿ ರಟ್ಟಿನ ಒಂದು ದೊಡ್ಡ ಪುಸ್ತಕ ಕೊಡಿಸೋಣ. ವರ್ಷಕ್ಕೆರಡು ಸಲ ಪ್ರತಿ ಮಗುವಿನ ಎತ್ತರ, ತೂಕ ಬರೆದಿಡುವ ಕೆಲಸಕ್ಕೆ ನಮ್ಮಲ್ಲೇ ಯಾರಾದರೂ ಬಂದು ಕೂರೋಣ. ರಕ್ತಹೀನತೆ ಇದೆಯೇ ಎಂದು ಆರೋಗ್ಯ ಕೇಂದ್ರದವರಿಂದ ನೋಡಿಸಿ ಅದನ್ನೂ ಬರೆಯೋಣ. ನನ್ನ ಹೆಸರಿನಲ್ಲಿ ಯಂತ್ರದ ದುಡ್ಡನ್ನು ಈಗಾಗಲೇ ಸಮಿತಿಗೆ ಕೊಟ್ಟಿದ್ದೇನೆ. ಪುಸ್ತಕ ಬರೆಯುವ ಮೊದಲ ಸರದಿಯೂ ನನ್ನದೇ ಇರಲಿ.

ದಾಖಲಾತಿ ಪುಸ್ತಕಗಳನ್ನು ನೋಡಲು ಅವಕಾಶ ಕೊಟ್ಟ ಮುಖ್ಯೋಪಾಧ್ಯಾಯರಿಗೆ, ಅಟ್ಟದಿಂದ ಅವುಗಳನ್ನು ಇಳಿಸಿ ಧೂಳು ಒರೆಸಿ ಕೊಟ್ಟ ಶಾಲೆಯ ಜವಾನರಿಗೆ, ಹಿಂದಿನ ಬೆಂಚಿನ ಪ್ರಶ್ನೆಗೆ ನಗದಿದ್ದ ನಮ್ಮ ವಿಜ್ಞಾನದ ಮೇಡಂಗೆ ನನ್ನ ನಮಸ್ಕಾರಗಳು.

— 2005-06ನೇ ಸಾಲಿನ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್